ಕಂಡ್ರಾ, ಕೇಳಿದ್ರಾ?

ಅವರು ತೀರಿಕೊಂಡ ಮರುದಿನ ನಮ್ಮ ಪತ್ರಿಕೆಯ ಒಳಪುಟದಲ್ಲಿ ‘ಖ್ಯಾತ ವಕೀಲೆ ನಿಧನ’ ಎಂಬ ಐದು ಸಾಲಿನ ಸುದ್ದಿ ಬಂತು. ಸುದ್ದಿ ಕಳಿಸಿದವನು ನಾನೇ. ಆದರೆ ‘ಖ್ಯಾತ’ ಎಂದು ಸೇರಿಸಿದ್ದು ನಾನಲ್ಲ, ಆಫೀಸಿನಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು. ಲಾಯರಮ್ಮ ಬದುಕಿದ್ದಿದ್ದರೆ ಆ ಪದಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಸುತ್ತು ಹಾಕಿ, ಪೇಪರನ್ನು ಬೇಕರಿಯ ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ, ಯಾರ್ರೀ ನಿಮಗೆ ಹೇಳಿದ್ದು ಎಂದು ಕೇಳುತ್ತಿದ್ದರು. ಉತ್ತರ ಹೇಳುವವರೆಗೆ ಕಾಫಿಗೆ ಕೈ ಹಾಕಲು ಬಿಡುತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಸಕಲೇಶಪುರದ ಕೋರ್ಟಿನ ಸುದ್ದಿಯನ್ನು ಇಷ್ಟು ವರ್ಷ ಬರೆದಿದ್ದೇನೆ, ಆ ಐದು ಸಾಲು ಬಿಟ್ಟರೆ ಅವರ ಹೆಸರು ಹಾಕಿದ್ದೇ ಇಲ್ಲ. ಹಾಕಲು ಅವರು ಬಿಟ್ಟಿದ್ದಿಲ್ಲ. ಗೆದ್ದದ್ದು ಕಕ್ಷಿದಾರ, ಅವನ ಹೆಸರು ಹಾಕಿ ಎನ್ನುತ್ತಿದ್ದರು. ಹೆಸರು ಬರಲಿ ಎಂದು ನನಗೆ ಮಸಾಲೆದೋಸೆ ಕೊಡಿಸಿದ ವಕೀಲರಿದ್ದಾರೆ. ಇವರು ಕೊಡಿಸುತ್ತಿದ್ದದ್ದು ನಾನು ಹೆಸರು ಹಾಕಿಬಿಡುತ್ತೇನೆ ಎಂದು ಹೆದರಿಸಿದಾಗ ಮಾತ್ರ. ಲಾಯರಮ್ಮನ ತಂದೆ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಎಸ್ಟೇಟೊಂದರ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದವರು. ಮಗಳು ಕೆಲಸಗಾರರ ಲೈನಿನ ಮಕ್ಕಳ ಜೊತೆ ಆಡಿ ಬೆಳೆದು, ಸಿಸ್ಟರುಗಳ ಶಾಲೆಯಲ್ಲಿ ಓದಿ, ಮುಂದೆ ಕರಿ ಕೋಟು ತೊಟ್ಟರು. ಆ ಕೋಟಿನ ಎಡಗೈ ತುದಿಯ ಹೊಲಿಗೆ ಬಿಚ್ಚಿ ಎಷ್ಟೋ ಕಾಲವಾಗಿತ್ತು. ಹೊಸದು ಹೊಲಿಸಿ ಮೇಡಂ ಎಂದರೆ, ವಾದ ಮಾಡೋದು ಬಲಗೈ ಎನ್ನುತ್ತಿದ್ದರು.

ಕೋರ್ಟಿನ ಎದುರು ಒಂದು ಬೇಕರಿ. ಬೆಳಗ್ಗೆ ಹತ್ತು ಗಂಟೆಗೆ ಅಲ್ಲಿ ಅವರಿಗೊಂದು ಕಾಫಿ, ಒಂದು ಖಾರದ ಬನ್ನು, ಅಂದಿನ ಎಲ್ಲ ಪೇಪರುಗಳು. ಕೆಂಪು ಪೆನ್ಸಿಲ್ ಕಿವಿಯ ಮೇಲೆ, ಬಡಗಿಯ ಹಾಗೆ. ‘ಆರೋಪಿ’ ಎಂದಿರಬೇಕಾದಲ್ಲಿ ‘ಕಳ್ಳ’ ಎಂದಿದ್ದರೆ ಒಂದು ಸುತ್ತು. ‘ಮೂಲಗಳು ತಿಳಿಸಿವೆ’ ಎಂದಿದ್ದರೆ ಎರಡು. ಅವರಿಗೆ ಮೈ ಉರಿಯುತ್ತಿದ್ದದ್ದು ‘ಎನ್ನಲಾಗಿದೆ’ ಎಂಬ ಪದಕ್ಕೆ. ನಾವು ಪೇಪರಿನವರು ಉಪ್ಪಿನ ಹಾಗೆ ಬಳಸುವ ಪದ ಅದು. ಗೊತ್ತಿಲ್ಲದ್ದನ್ನು ಬರೆದು ಕೊನೆಗೊಂದು ಎನ್ನಲಾಗಿದೆ ಹಾಕಿಬಿಟ್ಟರೆ ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಬಹುದು. ಎನ್ನಲಾಗಿದೆ ಅಂದರೆ ಅಂದವರು ಯಾರು, ಗಾಳಿಯಾ ಎಂದು ಅವರು ಕೇಳುತ್ತಿದ್ದರು.

ಅಲ್ಲಿಂದ ಮುಂದೆ ಬರುತ್ತಿದ್ದದ್ದೇ ಆ ಪ್ರಶ್ನೆ: “ಕಂಡ್ರಾ, ಕೇಳಿದ್ರಾ?”

ಕೋರ್ಟಿನಲ್ಲಿ ಸಾಕ್ಷಿಗಳಿಗೆ ಹಾಕಿ ಹಾಕಿ ನಾಲಿಗೆಗೆ ಅಂಟಿಕೊಂಡ ಪ್ರಶ್ನೆ. ಇಡೀ ಊರು ಅದನ್ನಿಟ್ಟುಕೊಂಡು ಅವರನ್ನು ಕಿಚಾಯಿಸುತ್ತಿತ್ತು. ಬನ್ನು ಈಗ ತಾನೇ ಬಂದದ್ದು ಎಂದು ಬೇಕರಿಯವನು ಹೇಳಿ, ಅವರು ಬಾಯಿ ತೆರೆಯುವ ಮೊದಲೇ, ಕಂಡಿದ್ದೇ ಕಣಮ್ಮ, ಕೇಳಿದ್ದಲ್ಲ ಎಂದು ತಾನೇ ಸೇರಿಸುತ್ತಿದ್ದ. ಮದುವೆ ಯಾಕಾಗಲಿಲ್ಲ ಎಂದು ಯಾರೋ ಹಿರಿಯರು ಕೇಳಿದ್ದಕ್ಕೆ, ಯಾವಾಗಲೂ ಮುಂದಿನ ಡೇಟು ಕೊಡ್ತಾ ಹೋದೆ ಎಂದಿದ್ದರಂತೆ. ಇದು ಮಾತ್ರ ನಾನು ಕೇಳಿದ್ದು, ಕಂಡದ್ದಲ್ಲ.

ಆ ಬೇಕರಿಯ ಗೋಡೆಯ ಮೇಲೊಂದು ಟೀವಿ. ಒಂದು ದಿನ ಯಾವುದೋ ದೂರದ ದೇಶದ ನಾಯಕನ ಮೇಲೆ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ವಾರಂಟ್ ಹೊರಡಿಸಿದ ಸುದ್ದಿ ಓಡುತ್ತಿತ್ತು. ನಾಲ್ಕು ಜನ ಕಾಫಿ ಬೆಳೆಗಾರರು ಬಿದ್ದು ಬಿದ್ದು ನಗುತ್ತಿದ್ದರು. ಅವನನ್ನು ಹಿಡಿಯೋಕೆ ಅಲ್ಲಿಗೆ ಹೋಗೋ ಪೊಲೀಸಪ್ಪ ಯಾರು, ಅದು ಕೋರ್ಟಲ್ಲ, ನಾಟಕದ ಕಂಪನಿ ಎಂಬುದು ಅವರ ವಾದ. ಲಾಯರಮ್ಮ ಪೇಪರಿನಿಂದ ತಲೆ ಎತ್ತಲಿಲ್ಲ. ಆಲೂರು ಕೋರ್ಟಿನ ವಾರಂಟು ಹಿಡ್ಕೊಂಡು ಮಗ್ಗೆಗೆ ಹೋದರೆ ಅಲ್ಲೇ ಆಸಾಮಿ ಸಿಗಲ್ಲ, ಶುಂಠಿ ಗದ್ದೆಯಲ್ಲಿ ಕೂತಿರ್ತಾನೆ, ಹಾಗಂತ ಆಲೂರು ಕೋರ್ಟೂ ನಾಟಕದ ಕಂಪನಿಯಾ ಎಂದರು. ಮಗ್ಗೆ ನನ್ನ ಊರು. ಎಲ್ಲರೂ ನನ್ನ ಕಡೆ ನೋಡಿ ಇನ್ನಷ್ಟು ನಕ್ಕರು. ನಗು ನಿಂತ ಮೇಲೆ ಅವರು ಹೇಳಿದ ಮಾತು ಮಾತ್ರ ನನಗೆ ಚೆನ್ನಾಗಿ ನೆನಪಿದೆ: “ಹಿಡೀತಾರೋ ಬಿಡ್ತಾರೋ ಆಮೇಲಿನ ಮಾತು ಮಾರಾಯ್ರೇ. ಬರೆದದ್ದು ಇರತ್ತೆ. ಅವನು ಎಲ್ಲಿಗೆ ಹೋದ್ರೂ ಆ ಕಾಗದ ಇದೆ ಅಂತ ಅವನಿಗೂ ಗೊತ್ತಿರತ್ತೆ.”

ಬರೆದದ್ದು ಇರುತ್ತದೆ ಎಂಬುದು ನನ್ನ ತಲೆಯ ಮೇಲೇ ಬಂದು ಬೀಳುತ್ತದೆ ಎಂದು ಅವತ್ತು ನನಗೆ ಗೊತ್ತಿರಲಿಲ್ಲ.

ಹೋದ ಕಾಫಿ ಕುಯ್ಲಿನ ಕಾಲದ ಮಾತು. ಈಗ ನಮ್ಮ ಕಡೆ ತೋಟಗಳಲ್ಲಿ ಹಣ್ಣು ಕುಯ್ಯುವವರಲ್ಲಿ ಅಸ್ಸಾಮಿನಿಂದ ಬಂದವರು ಬಹಳ. ಟೀವಿಯಲ್ಲಿ ಗಡಿ, ನುಸುಳುಕೋರರು, ಪೌರತ್ವ ಎಂದು ಸಂಜೆಯಿಂದ ಕೂಗಾಟ. ಒಬ್ಬ ಜಡ್ಜು ಹೀಗೆಂದರಂತೆ, ಇನ್ನೊಬ್ಬರು ಹಾಗೆಂದರಂತೆ, ಬಾಂಗ್ಲಾದವರು ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಆ ಕೂಗಾಟ ಬೇಕರಿಗೂ ಬಂತು, ತೋಟಕ್ಕೂ ಬಂತು. ಹೊರಗಿನ ಕೆಲಸಗಾರರ ಪಟ್ಟಿ ಕೊಡಿ ಎಂದು ಪೊಲೀಸರು ಎಸ್ಟೇಟಿನವರಿಗೆ ಹೇಳಿದ್ದರು. ದೋಣಿಗಲ್ ಆಚೆಯ ಒಂದು ಎಸ್ಟೇಟಿನ ರೈಟರ್, ಎಂದರೆ ಹಾಜರಿ ಬರೆದು ಕೆಲಸ ಹಂಚುವವರು, ಕೈಬರಹದಲ್ಲಿ ಪಟ್ಟಿ ಮಾಡಿ ಕೊಟ್ಟರು. ಆ ಪಟ್ಟಿಯ ಫೋಟೊ ಯಾರಿಂದಲೋ ಯಾರಿಗೋ ಹೋಗಿ ನನ್ನ ಮೊಬೈಲಿಗೆ ಬಿತ್ತು. ಹನ್ನೊಂದು ಹೆಸರು. ಒಂದೊಂದು ಹೆಸರಿನ ಮುಂದೆಯೂ ‘ಬಂಗ್ಲ’ ಎಂದು ಬರೆದಿತ್ತು.

ನನಗೆ ಮೈಯೆಲ್ಲ ಬಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ತಾಲ್ಲೂಕು ವರದಿಗಾರನಿಗೆ ಮುಖಪುಟ ಸಿಗುವುದು ಆನೆ ಯಾರನ್ನಾದರೂ ತುಳಿದಾಗ, ಇಲ್ಲವೇ ಘಾಟಿಯಲ್ಲಿ ಬಸ್ಸು ಬಿದ್ದಾಗ. ಬಸ್ಸು ಹತ್ತಿದರೆ ದೋಣಿಗಲ್ಲಿಗೆ ಎಷ್ಟು ಹೊತ್ತು? ಒಂದು ಕಾಫಿ ಕುಡಿದು ಮುಗಿಸುವಷ್ಟು. ಹೋಗಲಿಲ್ಲ. ರೈಟರಿಗೆ ಒಂದು ಫೋನೂ ಮಾಡಲಿಲ್ಲ. ‘ಎಸ್ಟೇಟಿನಲ್ಲಿ ಹನ್ನೊಂದು ಬಾಂಗ್ಲಾ ಪ್ರಜೆಗಳು ನೆಲೆಸಿದ್ದಾರೆ ಎನ್ನಲಾಗಿದೆ’ ಎಂದು ಬರೆದು, ಹನ್ನೊಂದು ಹೆಸರನ್ನೂ ಸೇರಿಸಿ ಕಳಿಸಿದೆ. ಮೂರು ಕಾಲಂ ಬಂತು. ಮಧ್ಯಾಹ್ನದ ಹೊತ್ತಿಗೆ ಒಂದು ಟೀವಿ ಚಾನೆಲ್ಲು ‘ಎನ್ನಲಾಗಿದೆ’ಯನ್ನು ಕಿತ್ತುಹಾಕಿ ಉಳಿದದ್ದನ್ನು ದೊಡ್ಡ ಅಕ್ಷರದಲ್ಲಿ ಓಡಿಸಿತು. ಸಂಜೆ ಪೊಲೀಸರು ತೋಟಕ್ಕೆ ಹೋದರು.

ಹತ್ತು ಜನರ ಬಳಿ ಅಸಲು ಗುರುತಿನ ಚೀಟಿ ಇತ್ತು. ಜಮಾಲ್ ಎಂಬವನ ಬಳಿ ಇದ್ದದ್ದು ನಕಲು ಮಾತ್ರ. ಹೆಸರಿನಲ್ಲಿ ಒಂದಕ್ಷರ ತಪ್ಪಿದೆ ಎಂದು ತಿದ್ದಿಸಲು ಅಸಲನ್ನು ಊರಿನಲ್ಲಿ ಅಣ್ಣನ ಕೈಗೆ ಕೊಟ್ಟು ಬಂದಿದ್ದ. ಅವನನ್ನು ಕರೆದುಕೊಂಡು ಹೋದರು. ಹಾಸನದ ಜೈಲು ಸೇರಿದ. ಅಲ್ಲಿಂದ ಪರದೇಶಿಗಳನ್ನು ಇಡುವ ಕೇಂದ್ರಕ್ಕೆ ಕಳಿಸುತ್ತಾರೆ, ಅಲ್ಲಿಂದ ಗಡಿಗೆ ಎಂದು ಊರಿಗೆ ಊರೇ ಮಾತಾಡಿಕೊಂಡಿತು. ಹೆಂಡತಿಯೂ ದೋಣಿಗಲ್ ಕಡೆಯ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು ಓದುವ ಮಗಳು ರೇಷ್ಮಾಳೂ ಲೈನಿನಲ್ಲೇ ಉಳಿದರು.

ಮರುದಿನ ಬೇಕರಿಗೆ ಹೋದಾಗ ನನ್ನ ವರದಿ ಲಾಯರಮ್ಮನ ಮುಂದಿತ್ತು. ಕೆಂಪು ಸುತ್ತು ಒಂದೂ ಇರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಅವರ ಪಕ್ಕದಲ್ಲಿ ಎಸ್ಟೇಟಿನ ರೈಟರ್ ತಲೆ ತಗ್ಗಿಸಿ ಕೂತಿದ್ದರು. ಮೇಜಿನ ಮೇಲೆ ಪೂರ್ತಿ ಪಟ್ಟಿ. ನನ್ನ ಮೊಬೈಲಿಗೆ ಬಂದ ಫೋಟೊದಲ್ಲಿ ಬಲಗಡೆಯ ಅಂಚು ಕತ್ತರಿಸಿ ಹೋಗಿತ್ತು. ಇಲ್ಲಿ ‘ಬಂಗ್ಲ’ ಎಂಬುದರ ಮುಂದೆ ಇನ್ನೂ ಒಂದು ಪದವಿತ್ತು: ಲೈನ್. ಅದರ ಮೇಲಿನ ಪುಟದಲ್ಲಿ ಬೇರೆ ಹದಿನಾಲ್ಕು ಹೆಸರು, ಅವುಗಳ ಮುಂದೆ ‘ಹೊಳೆ ಲೈನ್’ ಎಂದಿತ್ತು.

ರೈಟರ್ ನನ್ನನ್ನು ನೋಡಿ ಅಳುವ ದನಿಯಲ್ಲಿ ಹೇಳಿದರು: “ಬಂಗ್ಲೆ ಪಕ್ಕ ಐತೆ ಅಂತ ಬಂಗ್ಲ ಲೈನು ಅಂತೀವಿ ಸಾರ್. ಹೊಳೆ ಕಡೆ ಇರೋದು ಹೊಳೆ ಲೈನು. ನಮ್ಮಪ್ಪ ರೈಟರಾಗಿದ್ದಾಗ್ಲಿಂದ ಹಂಗೇ ಬರ್ಕೊಂಡ್ ಬಂದೈತೆ. ನೀವು ಅದನ್ನ ಎತ್ಕೊಂಡೋಗಿ ಬೇರೆ ದೇಶನೇ ಮಾಡ್ಬುಟ್ರಲ್ಲ.”

ಧಣಿಗಳ ಮನೆಗೆ ಬಂಗ್ಲೆ ಎನ್ನುವುದು, ಕೆಲಸಗಾರರ ಸಾಲುಮನೆಗೆ ಲೈನು ಎನ್ನುವುದು ಈ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೂ ಗೊತ್ತು. ಗೊತ್ತಿದ್ದೂ ಕಣ್ಣಿಗೆ ಟೀವಿ ಹತ್ತಿಕೊಂಡಿತ್ತು. ಲಾಯರಮ್ಮ ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ನೀವು ಮಗ್ಗೆಯವರು ಎಂಬುದಕ್ಕೆ ನಿಮ್ಮ ಬಳಿ ಏನಿದೆ, ತೋರಿಸಿ ಎಂದರು. ಜೇಬು ತಡಕಿದೆ. ಪತ್ರಿಕೆಯವರು ಕೊಟ್ಟ ಗುರುತಿನ ಚೀಟಿ ಸಿಕ್ಕಿತು, ಅದರ ಅವಧಿ ಮುಗಿದು ಎರಡು ವರ್ಷವಾಗಿತ್ತು. ಊರಿನ ಹೆಸರು ಅದರಲ್ಲಿ ಇರಲೂ ಇಲ್ಲ.

“ಕೊಲೆ ಮಾಡಿದಾನೆ ಅಂತ ಹಿಡಿದ್ರೆ, ಮಾಡಿದಾನೆ ಅಂತ ತೋರಿಸೋ ಕೆಲಸ ಪೊಲೀಸರದ್ದು,” ಎಂದರು. “ಪರದೇಶಿ ಅಂತ ಹಿಡಿದ್ರೆ, ಅಲ್ಲ ಅಂತ ತೋರಿಸೋ ಕೆಲಸ ಅವನದ್ದೇ. ಕಾನೂನೇ ಹಾಗಿದೆ ರಿಪೋರ್ಟ್ರೇ. ಸರಿಯಾ ತಪ್ಪಾ ಅಂತ ದೊಡ್ಡ ದೊಡ್ಡವರು ದೊಡ್ಡ ಕೋರ್ಟಲ್ಲಿ ವಾದ ಮಾಡ್ಕೊಳ್ಲಿ. ಅಲ್ಲೀತನಕ ಜೈಲಲ್ಲಿ ಕೂತವನು ಏನು ತೋರಿಸ್ತಾನೆ?”

ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟು, ನಿಧಾನವಾಗಿ ಆ ಪ್ರಶ್ನೆ ಹಾಕಿದರು. ಕಂಡ್ರಾ, ಕೇಳಿದ್ರಾ? ಇಷ್ಟು ವರ್ಷದಲ್ಲಿ ನಗದೆ ಅದನ್ನು ಕೇಳಿದ್ದು ಅದೇ ಮೊದಲು. ಎರಡೂ ಅಲ್ಲ ಮೇಡಂ, ಒಂದು ಫೋಟೊ ನೋಡಿದೆ ಅಷ್ಟೇ ಎಂದೆ. ಹಾಗಾದರೆ ಅದನ್ನೇ ಒಂದು ಅಫಿಡವಿಟ್ಟಿನಲ್ಲಿ ಬರೆದುಕೊಡಿ ಎಂದರು.

ಬೇರೆ ಇಬ್ಬರು ವಕೀಲರು ಈ ಕೇಸು ಮುಟ್ಟಲು ಹೆದರಿದ್ದರು. ಊರಿನವರ ಎದುರು ಹಾಕಿಕೊಳ್ಳುವುದು ಯಾರಿಗೆ ಬೇಕು? ಲಾಯರಮ್ಮನಿಗೂ ಫೋನುಗಳು ಬಂದವು. ಯಾರ ಪರ ನಿಂತಿದೀರ ಎಂದು ಒಬ್ಬ ಕೇಳಿದನಂತೆ. ಸಕಲೇಶಪುರದ ಕೋರ್ಟಿನ ಪರ ಎಂದು ಹೇಳಿ ಫೋನಿಟ್ಟರಂತೆ. ನನಗೂ ಹೆದರಿಕೆಯಿತ್ತು. ಪತ್ರಿಕೆಯಿಂದ ತೆಗೆದುಹಾಕಿದರೆ ಈ ವಯಸ್ಸಿನಲ್ಲಿ ಬೇರೆ ಯಾವ ಕೆಲಸಕ್ಕೆ ಹೋಗಲಿ ಎಂದು ಎರಡು ದಿನ ಅಫಿಡವಿಟ್ಟಿಗೆ ಸಹಿ ಹಾಕದೆ ಅಲೆದೆ. ಅವರು ಒತ್ತಾಯಿಸಲಿಲ್ಲ. ಬೇಕರಿಯಲ್ಲಿ ನನ್ನ ಎದುರಿಗೆ ಆ ಕಾಗದ ಇಡುತ್ತಿದ್ದರು, ಕಾಫಿ ಮುಗಿದ ಮೇಲೆ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಮೂರನೆಯ ದಿನ ರೈಟರ್ ಹೇಳಿದ ಒಂದು ಸಂಗತಿ ನನ್ನಿಂದ ಸಹಿ ಹಾಕಿಸಿತು. ಬಂಗ್ಲ ಲೈನಿನಲ್ಲಿ ಕನ್ನಡ ಓದಲು ಬರುವುದು ರೇಷ್ಮಾ ಒಬ್ಬಳಿಗೇ. ಹನ್ನೊಂದು ಜನರನ್ನು ಕೂರಿಸಿಕೊಂಡು ನನ್ನ ವರದಿಯನ್ನು ಓದಿ ಹೇಳಿದ್ದು ಅವಳು. ತನ್ನ ಅಪ್ಪನ ಹೆಸರು ಬಂದಾಗ ಮೊದಲು ಖುಷಿಪಟ್ಟಳಂತೆ.

ಜಾಮೀನು ಅರ್ಜಿಯ ದಿನ ಕೋರ್ಟು ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಈ ವಿಷಯ ಎಲ್ಲರಿಗೂ ಗೊತ್ತು, ಎಲ್ಲ ಪೇಪರಿನಲ್ಲಿ, ಎಲ್ಲ ಟೀವಿಯಲ್ಲಿ ಬಂದಿದೆ ಎಂದರು ಸರ್ಕಾರಿ ವಕೀಲರು. ಲಾಯರಮ್ಮ ಎದ್ದರು. ಹೊಲಿಗೆ ಬಿಚ್ಚಿದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡಿದ್ದರು. ದನಿ ಏರಿಸಲಿಲ್ಲ.

“ಎಲ್ಲ ಪೇಪರಲ್ಲ ಸ್ವಾಮಿ, ಒಂದೇ ಪೇಪರು. ಮಿಕ್ಕವರು ಅದನ್ನ ಓದಿದವರು. ಆ ಪೇಪರಿನವರು ಇಲ್ಲೇ ನಿಂತಿದಾರೆ. ತಾವು ಕಂಡಿಲ್ಲ ಅಂತ ಬರೆದುಕೊಟ್ಟಿದಾರೆ.”

ಹಾಲಿನಲ್ಲಿದ್ದವರೆಲ್ಲ ಹಿಂತಿರುಗಿ ನನ್ನನ್ನು ನೋಡಿದರು. ನ್ಯಾಯಾಧೀಶರು ಅಫಿಡವಿಟ್ಟು ಓದಿದರು, ರೈಟರ ಹಾಜರಿ ಪುಸ್ತಕ ತರಿಸಿ ಹೊಳೆ ಲೈನು, ಬಂಗ್ಲ ಲೈನು ಎರಡನ್ನೂ ಬೆರಳಿಟ್ಟು ನೋಡಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಬೇಕರಿಯಲ್ಲಿ ಅದಕ್ಕೂ ಒಂದು ಕೆಂಪು ಸುತ್ತು ಬೀಳುತ್ತಿತ್ತು. ಅಸಲು ಚೀಟಿ ತಂದು ತೋರಿಸಲು ಕಾಲಾವಕಾಶ ಕೊಟ್ಟು ಜಮಾಲನಿಗೆ ಜಾಮೀನು ಸಿಕ್ಕಿತು. ಅಣ್ಣ ರೈಲು ಹಿಡಿದು ಚೀಟಿ ತಂದ. ಹೆಸರಿನ ಅಕ್ಷರ ತಿದ್ದಿ ಸರಿಯಾಗಿತ್ತು. ಮುಂದಿನ ವಿಚಾರಣೆಗಳಲ್ಲಿ ಅದನ್ನು ಪರಿಶೀಲಿಸಿ ಅವನನ್ನು ಬಿಟ್ಟರು.

ನನಗೆ ಕೇಸು ಮುಗಿದಿತ್ತು. ಲಾಯರಮ್ಮನಿಗೆ ಮುಗಿದಿರಲಿಲ್ಲ. ದೋಣಿಗಲ್ಲಿನ ಅಂಗಡಿಯಲ್ಲಿ ಆ ಲೈನಿನವರಿಗೆ ಸಾಮಾನು ಕೊಡಲು ಮುಖ ಸಿಂಡರಿಸುತ್ತಿದ್ದರು. ಶಾಲೆಯಲ್ಲಿ ರೇಷ್ಮಾಳಿಗೆ ಬಾಂಗ್ಲಾ ಎಂದೇ ಹೆಸರಾಗಿತ್ತು. ಅವಳು ಶಾಲೆ ಬಿಟ್ಟು ತಾಯಿಯ ಜೊತೆ ಹಣ್ಣು ಕುಯ್ಯಲು ಹೊರಟಿದ್ದಳು. ನಾನು ಡೆಸ್ಕಿಗೆ ಹೇಳಿ ಒಂದು ತಿದ್ದುಪಡಿ ಹಾಕಿಸಿದೆ. ಏಳನೆಯ ಪುಟದ ಕೆಳಗೆ ಎರಡು ಸಾಲು: ‘ಇತ್ತೀಚೆಗೆ ಪ್ರಕಟವಾದ ವರದಿಯಲ್ಲಿ ಬಾಂಗ್ಲಾ ಎಂಬುದನ್ನು ಬಂಗ್ಲ ಲೈನ್ ಎಂದು ಓದಿಕೊಳ್ಳಬೇಕಾಗಿ ವಿನಂತಿ.’

ಲಾಯರಮ್ಮ ಚೀಲದಿಂದ ಮಕ್ಕಳ ಸ್ಕೇಲೊಂದನ್ನು ತೆಗೆದರು. ಮೊದಲಿನ ವರದಿಯನ್ನು ಅಳೆದರು. ಮೂರು ಕಾಲಂ, ಹದಿನೆಂಟು ಸೆಂಟಿಮೀಟರ್ ಉದ್ದ. ತಿದ್ದುಪಡಿ ಅಳೆದರು. ಒಂದು ಕಾಲಂ, ಒಂದು ಸೆಂಟಿಮೀಟರೂ ಇಲ್ಲ.

“ಆವತ್ತು ಓದಿ ಮುಗಿಸಿದ್ದನ್ನ ಈಗ ಹ್ಯಾಗ್ರೀ ಬೇರೆ ಓದಿಕೊಳ್ಳೋದು? ಎಷ್ಟು ಅಳತೆಯಲ್ಲಿ ಕೆಡಿಸಿದಿರೋ ಅಷ್ಟೇ ಅಳತೆಯಲ್ಲಿ ಸರಿ ಮಾಡಿ.”

ಪತ್ರಿಕೆಗೆ ಕಾಗದ ಬರೆದರು. ಉತ್ತರ ಬರಲಿಲ್ಲ. ಹದಿನೈದು ದಿನ ಬಿಟ್ಟು ಇನ್ನೊಂದು ಬರೆದರು. ಆಮೇಲೆ ಲಾಯರ್ ನೋಟಿಸು. ಜಾಗವಿಲ್ಲ ಎಂದು ಡೆಸ್ಕಿನವರು ನನ್ನ ಬಳಿ ಗೊಣಗಿದರು, ಮುಗಿದ ವಿಷಯ ಯಾಕೆ ಕೆದಕುತ್ತೀರಿ ಎಂದರು. ನಾನೂ ಒಂದು ದಿನ ಸಾಕು ಮಾಡಿ ಮೇಡಂ ಎಂದುಬಿಟ್ಟೆ. ಅವರು ನನ್ನ ಮುಖ ನೋಡಿದರು. ಆ ಹುಡುಗಿ ಶಾಲೆಗೆ ಹೋದ್ಲಾ ಎಂದರು. ಇಲ್ಲ ಎಂದೆ. ಹಾಗಾದ್ರೆ ಇನ್ನೊಂದು ನೋಟಿಸು ಎಂದು ಪೆನ್ನು ತೆಗೆದರು. ಆ ನೋಟಿಸಿಗೆ ಸಹಿ ಹಾಕಿ ಅಂಚೆಗೆ ಹಾಕಿದ ವಾರದಲ್ಲಿ, ಕಾಫಿ ಹೂವು ಬಿಡುವ ಹೊತ್ತಿಗೆ, ಒಂದು ಬೆಳಗ್ಗೆ ಅವರು ಏಳಲಿಲ್ಲ. ಚರ್ಚಿನಲ್ಲಿ ಮಣ್ಣು ಹಾಕುವಾಗ ಬಂಗ್ಲ ಲೈನಿನವರು ಅಷ್ಟೂ ಜನ ಬಂದು ಗೇಟಿನ ಹತ್ತಿರ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಮೂರು ದಿನ ಬಿಟ್ಟು ಡೆಸ್ಕಿನಿಂದ ಫೋನು. ಅವರ ಬಗ್ಗೆ ತುಂಬಾ ಜನ ಕೇಳ್ತಿದಾರೆ, ಭಾನುವಾರಕ್ಕೆ ಒಂದು ಶ್ರದ್ಧಾಂಜಲಿ ಬರೆದುಕೊಡಿ, ಮೂರು ಕಾಲಂ ಜಾಗ ಇಟ್ಟಿದೀವಿ ಎಂದರು. ಉದ್ದ ಎಷ್ಟು ಎಂದು ಕೇಳಿದೆ. ಹದಿನೆಂಟು ಸೆಂಟಿಮೀಟರ್ ಸಾಕಾ ಎಂದರು. ಸಾಕು ಎಂದೆ.

ಈ ಸಲ ಬಸ್ಸು ಹತ್ತಿದೆ. ದೋಣಿಗಲ್ಲಿನಲ್ಲಿ ಇಳಿದು ಎಸ್ಟೇಟಿಗೆ ನಡೆದೆ. ಬಂಗ್ಲೆ ನೋಡಿದೆ, ಅದರ ಪಕ್ಕದ ಸಾಲುಮನೆ ನೋಡಿದೆ, ಎಷ್ಟು ಹೆಜ್ಜೆ ಎಂದು ಎಣಿಸಿದೆ. ಹನ್ನೊಂದು ಜನರನ್ನೂ ಕಂಡು, ಹೆಸರು ಕೇಳಿ, ಚೀಟಿ ನೋಡಿ ಬರೆದುಕೊಂಡೆ. ಮನೆಗೆ ಬಂದು, ಬಂಗ್ಲ ಲೈನ್ ಎಂದರೆ ಏನು, ಅದನ್ನು ನಾನು ಹೇಗೆ ತಪ್ಪಾಗಿ ಓದಿದೆ, ಅಲ್ಲಿರುವವರು ಯಾರು ಎಂದು ಬರೆದೆ. ಕೊನೆಗೆ ‘ಆ ವರದಿ ಬರೆದವನು ನಾನು’ ಎಂದು ಬರೆದು ನನ್ನ ಹೆಸರು ಹಾಕಿದೆ. ಎನ್ನಲಾಗಿದೆ ಎಂದು ಎಲ್ಲೂ ಬರೆಯಲಿಲ್ಲ. ಡೆಸ್ಕಿನವರು ಫೋನು ಮಾಡಿ, ಇದರಲ್ಲಿ ಲಾಯರಮ್ಮನ ಹೆಸರೇ ಇಲ್ಲವಲ್ಲ, ಇದು ಶ್ರದ್ಧಾಂಜಲಿ ಹೇಗಾಗುತ್ತೆ ಎಂದು ರೇಗಿದರು. ಅವರ ಕೊನೆಯ ನೋಟಿಸು ನಿಮ್ಮ ಮೇಜಿನ ಮೇಲೇ ಇರಬೇಕು, ತೆಗೆದು ಓದಿ, ಇದನ್ನು ಹಾಕದಿದ್ದರೆ ನಾಳೆಯಿಂದ ಸಕಲೇಶಪುರದ ಸುದ್ದಿ ಬೇರೆಯವರ ಕೈಲಿ ಬರೆಸಿಕೊಳ್ಳಿ ಎಂದೆ. ಭಾನುವಾರ ಅದು ಅಚ್ಚಾಗಿ ಬಂತು. ಅಂದು ಅವರ ಬಗ್ಗೆ ಬರೆಯದೆ ಬಿಟ್ಟದ್ದನ್ನೇ ಈಗ ಇಲ್ಲಿ ಬರೆದಿದ್ದೇನೆ.

ಪೇಪರು ಹಿಡಿದುಕೊಂಡು ಮತ್ತೆ ಲೈನಿಗೆ ಹೋದೆ. ಜಮಾಲ್ ಅದನ್ನು ಮಗಳ ಕೈಗೆ ಕೊಟ್ಟ. ಅವಳು ಜಗಲಿಯ ಮೇಲೆ ಕೂತು, ಶಾಲೆಯಲ್ಲಿ ಪಾಠ ಓದುವ ರಾಗದಲ್ಲಿ, ಬೆರಳಿಟ್ಟುಕೊಂಡು ಓದಿದಳು. ಒಂದೊಂದು ಹೆಸರು ಬಂದಾಗಲೂ ನಿಲ್ಲಿಸಿ ಆ ಮನುಷ್ಯನ ಕಡೆ ನೋಡಿದಳು. ಕೊನೆಯ ಸಾಲಿಗೆ ಬಂದು ನನ್ನ ಹೆಸರನ್ನು ಎರಡು ಸಲ ಓದಿಕೊಂಡಳು.

“ಇವರು ಯಾರು, ಅಂಕಲ್?”

“ನಾನೇ ಕಣಮ್ಮ,” ಎಂದೆ.

ಅವಳು ಪೇಪರನ್ನು ನಾಲ್ಕು ಮಡಿಕೆ ಮಾಡಿ, ಒಳಗೆ ಹೋಗಿ, ಗೋಡೆಯ ಮೊಳೆಗೆ ನೇತು ಹಾಕಿದ್ದ ಶಾಲೆಯ ಚೀಲವನ್ನು ತೆಗೆದು, ದೂಳು ಕೊಡವಿ, ಪೇಪರನ್ನು ಪುಸ್ತಕಗಳ ನಡುವೆ ಇಟ್ಟುಕೊಂಡಳು.